ಹಡಗಿನ ದೀಪ ಹಚ್ಚುವವರು

ರಾತ್ರಿ ಊಟಕ್ಕೆ ಕುಳಿತ ಹೊತ್ತಿನಲ್ಲಿ ಮನೆಯ ದೀಪ ಆರಿಹೋದರೆ ನಾವು ಮೊದಲು ಮಾಡುವುದೇನು? ನೆರೆಮನೆಯ ಕಡೆಗೆ ಇಣಿಕಿ ನೋಡುವೆವು. ಅಲ್ಲಿಯೂ ಕತ್ತಲೆಯಿದ್ದರೆ ಮನಸ್ಸಿಗೆ ಒಂದು ಬಗೆಯ ಸಮಾಧಾನ! ಲೈನ್‌ಮನ್ ಬಂದು ಸರಿಪಡಿಸುವನೆಂದು ಮೇಣದ ಬತ್ತಿ ಹಚ್ಚಿ ಊಟ ಮುಗಿಸುವೆವು. ದಡದಿಂದ ನೂರಾರು ಮೈಲಿ ದೂರದಲ್ಲಿ ತೇಲುವ ಹಡಗಿಗಾದರೋ ನೆರೆಮನೆಯೂ ಇಲ್ಲ, ಲೈನ್‌ಮನ್ನನೂ ಇಲ್ಲ. ತನಗೆ ಬೇಕಾದ ವಿದ್ಯುಚ್ಛಕ್ತಿಯನ್ನು ಅದು ತಾನೇ ಹುಟ್ಟಿಸಿಕೊಳ್ಳಬೇಕು, ತಾನೇ ಕಾಪಾಡಿಕೊಳ್ಳಬೇಕು.

ಈ ಶಕ್ತಿಯಿಂದ ನಡೆಯುವುದು ದೀಪವೊಂದೇ ಅಲ್ಲ. ಚುಕ್ಕಾಣಿಯನ್ನು ತಿರುಗಿಸುವ ಮೋಟಾರು, ದೊಡ್ಡ ಯಂತ್ರಕ್ಕೆ ಎಣ್ಣೆಯನ್ನೂ ತಂಪು ನೀರನ್ನೂ ಒದಗಿಸುವ ಪಂಪುಗಳು, ದಿಕ್ಕು ತೋರುವ ಉಪಕರಣಗಳು, ಅಡಿಗೆಮನೆಯ ಒಲೆ, ಇವೆಲ್ಲ ಅದಕ್ಕೆ ಅಧೀನವಾಗಿವೆ. ಈ ಏರ್ಪಾಡನ್ನೆಲ್ಲ ಜೋಡಿಸುವವನು ಹಡಗು ಕಟ್ಟುವ ಕಾರ್ಖಾನೆಯ ವಿದ್ಯುತ್ ಕೆಲಸಗಾರ. ಹೊಸ ಹಡಗು ನೀರಿಗಿಳಿದ ದಿನ ಪತ್ರಿಕೆಯಲ್ಲಿ ಚಿತ್ರ ಬರುವುದುಂಟು. ಅದರಲ್ಲಿ ಹಾರ ಹಾಕಿಸಿಕೊಂಡವರೆಲ್ಲರೂ ಕಾಣುವರು. ಇವನು ಮಾತ್ರ ಕಾಣನು.

ಕೊಚ್ಚಿಯ ಹಡಗು ಕಾರ್ಖಾನೆಯು ೧೯೭೨ನೆಯ ಇಸವಿಯಲ್ಲಿ ಸ್ಥಾಪಿತವಾಯಿತು. ೨೦೨೨ರ ಸೆಪ್ಟೆಂಬರಿನಲ್ಲಿ ನೌಕಾಪಡೆಯನ್ನು ಸೇರಿದ ‘ವಿಕ್ರಾಂತ’ವೆಂಬ ವಿಮಾನವಾಹಕ ನೌಕೆಯನ್ನು ಕಟ್ಟಿದುದು ಅಲ್ಲಿಯೇ. ಆ ನೌಕೆಯ ಉದ್ದ ೨೬೨ ಮೀಟರು. ಅದರೊಳಗೆ ಹರಡಿರುವ ಕೇಬಲುಗಳನ್ನು ಒಂದರ ತುದಿಗೊಂದು ಜೋಡಿಸಿದರೆ ಎರಡು ಸಾವಿರ ಕಿಲೋಮೀಟರಿಗೂ ಮಿಗಿಲಾಗುವುದು. ಹೆಚ್ಚುಕಡಿಮೆ ಬೆಂಗಳೂರಿನಿಂದ ದೆಹಲಿಗೆ ಹೋಗುವಷ್ಟು ದೂರ! ಇಷ್ಟು ಉದ್ದದ ಕೇಬಲು ತಾನಾಗಿ ಹೋಗಿ ಗೋಡೆಗಂಟಿ ಕೂರುವುದಿಲ್ಲವಷ್ಟೆ. ತೋಳಿನಷ್ಟು ದಪ್ಪನಾದ ಕೇಬಲನ್ನು ಎಳೆಯುವಾಗ ಜನರು ಸಾಲಾಗಿ ನಿಂತು, ಒಬ್ಬನು ಕೂಗಿದೊಡನೆ ತೇರಿನ ಹಗ್ಗವನ್ನೆಳೆದಂತೆ ಒಟ್ಟಿಗೆ ಎಳೆಯಬೇಕು. ನಡುವೆ ಎಲ್ಲಿಯಾದರೂ ಚೂಪಾದ ಅಂಚಿಗೆ ತಾಗಿ ಹೊದಿಕೆ ಗೀರಿದರೆ, ಅದರ ಫಲ ತೋರುವುದು ಆ ದಿನವಲ್ಲ. ಉಪ್ಪುಗಾಳಿಯ ತೇವ ಸೇರಿದ ಮೇಲೆ, ಎಷ್ಟೋ ಕಾಲಾನಂತರ. ಉಕ್ಕಿನ ಅಡ್ಡಗೋಡೆಗಳನ್ನು ಕೇಬಲು ದಾಟುವ ಕಡೆಗಳಲ್ಲೆಲ್ಲ ರಂಧ್ರವನ್ನು ನೀರೂ ಬೆಂಕಿಯೂ ನುಸುಳದಂತೆ ಮುಚ್ಚಬೇಕು. ಒಂದು ರಂಧ್ರವನ್ನು ಮರೆತರೂ ಆ ಗೋಡೆ ಇದ್ದೂ ಇಲ್ಲದಂತೆಯೇ ಸರಿ.

ಕೆಲಸದ ಸ್ಥಳವೂ ಸುಖದ್ದಲ್ಲ. ಮಲಗಿಕೊಂಡೇ ನುಗ್ಗಬೇಕಾದ ಇಕ್ಕಟ್ಟು. ಸುತ್ತಲೂ ಬಿಸಿಲಿಗೆ ಕಾದ ಉಕ್ಕು. ಪಕ್ಕದಲ್ಲಿಯೇ ಬೆಸುಗೆಯ ಕಿಡಿ. ಬೆವೆತ ಮೈ ಉಕ್ಕಿಗೆ ತಗುಲಿಕೊಂಡಿರುವಾಗ ಮನೆಯ ದೀಪದ ವಿದ್ಯುತ್ತೇ ಸಾಕು ಪ್ರಾಣ ತೆಗೆಯಲು. ಆದುದರಿಂದ ಇಂಥ ಕಡೆಗಳಲ್ಲಿ ೨೪ ವೋಲ್ಟಿನ ಕೈದೀಪವನ್ನು ಬಳಸುವುದುಂಟು. ಯಾವುದಾದರೊಂದು ಯಂತ್ರದ ಮೇಲೆ ಕೈಯಿಡುವ ಮೊದಲು ಅದರ ಸ್ವಿಚ್ಚಿಗೆ ಬೀಗ ಹಾಕಿ, ಬೀಗದ ಕೈಯನ್ನು ತನ್ನ ಜೇಬಿನಲ್ಲಿಯೇ ಇಟ್ಟುಕೊಳ್ಳುವುದು ಬಲ್ಲವರ ಪದ್ಧತಿ.

ಗೃಹಿಣಿಯರು ಅಡಿಗೆಮನೆಯ ಡಬ್ಬಿಗಳ ಮೇಲೆ ಹೆಸರು ಬರೆದು ಅಂಟಿಸುವರಲ್ಲವೆ? ಹಡಗಿನ ಪ್ರತಿಯೊಂದು ತಂತಿಯ ತುದಿಗೂ ಹಾಗೆಯೇ ಒಂದು ಗುರುತುಪಟ್ಟಿಯಿರುತ್ತದೆ. ಪಟ್ಟಿ ತೊಡಿಸುವುದು ಮಕ್ಕಳಾಟದಂತೆ ತೋರುವುದು. ಆದರೆ ೨೦೨೪ರ ಮಾರ್ಚಿ ೨೬ರಂದು ಅಮೆರಿಕದ ಬಾಲ್ಟಿಮೋರ್ ಬಂದರಿನಲ್ಲಿ ನಡೆದುದನ್ನು ಕೇಳಿದವರು ಹಾಗೆನ್ನಲಾರರು. ‘ಡಾಲಿ’ ಎಂಬ ಸುಮಾರು ೩೦೦ ಮೀಟರು ಉದ್ದದ ಸರಕಿನ ಹಡಗು ನಡುರಾತ್ರಿ ಕಳೆದ ಮೇಲೆ ಬಂದರಿನಿಂದ ಹೊರಟಿತು. ಅದರ ಸಿಬ್ಬಂದಿಯಲ್ಲಿ ಹೆಚ್ಚಿನವರು ನಮ್ಮ ದೇಶದವರೇ. ಸೇತುವೆ ಹತ್ತಿರವಾಗುತ್ತಿರುವಾಗ ಹಡಗಿನ ದೀಪಗಳೆಲ್ಲ ಒಮ್ಮೆಗೇ ಆರಿದುವು. ಮತ್ತೆ ಹತ್ತಿಕೊಂಡು ಮತ್ತೆ ಆರಿದುವು. ಯಂತ್ರ ನಿಂತಿತು, ಚುಕ್ಕಾಣಿ ಮಾತು ಕೇಳಲಿಲ್ಲ. ಹಡಗಿನಿಂದ ಬಂದ ಅಪಾಯದ ಕರೆಯನ್ನು ಕೇಳಿ ಪೋಲೀಸರು ಸೇತುವೆಯ ಮೇಲೆ ವಾಹನಗಳನ್ನು ತಡೆದರು. ಆದರೆ ಅಲ್ಲಿ ರಸ್ತೆಯ ಗುಂಡಿ ಮುಚ್ಚುತ್ತಿದ್ದ ಕೂಲಿಗಳಿಗೆ ಸುದ್ದಿ ತಲಪುವಷ್ಟು ಹೊತ್ತಿರಲಿಲ್ಲ. ಹಡಗು ಕಂಬಕ್ಕೆ ಬಡಿದು ಸೇತುವೆ ಕುಸಿದುಬಿತ್ತು. ಆರು ಮಂದಿ ಸತ್ತರು.

ಅಮೆರಿಕದ ಸಾರಿಗೆ ಸುರಕ್ಷಾ ಮಂಡಳಿಯು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ವಿಚಾರಿಸಿ, ೨೦೨೫ರ ನವೆಂಬರಿನಲ್ಲಿ ಕಾರಣವನ್ನು ಹೇಳಿತು. ಸ್ವಿಚ್‌ಬೋರ್ಡಿನ ಅಸಂಖ್ಯ ತಂತಿಗಳಲ್ಲಿ ಒಂದೇ ಒಂದು ಸಡಿಲವಾಗಿತ್ತು. ಅದರ ತುದಿಯ ಗುರುತುಪಟ್ಟಿ ಇರಬೇಕಾದ ಜಾಗದಲ್ಲಿರದೆ, ತಂತಿ ತನ್ನ ಹಿಡಿಕೆಯೊಳಗೆ ಪೂರ್ತಿಯಾಗಿ ಕೂರದಂತೆ ತಡೆದಿತ್ತು. ಮೊದಲನೆಯ ಕತ್ತಲೆಗೆ ಅದೇ ಮೂಲ. ಎರಡನೆಯದಕ್ಕೆ ಎಣ್ಣೆಯ ಪಂಪಿನ ವಿಷಯದಲ್ಲಿ ಬೇರೊಂದು ಕಾರಣವಿತ್ತು. ಅದು ಇಲ್ಲಿ ಬೇಡ. ಆ ಪಟ್ಟಿಯನ್ನು ತೊಡಿಸಿದ ಕೈಗೆ ಅದು ಆ ದಿನದ ಎಷ್ಟನೆಯ ಪಟ್ಟಿಯೋ! ಬೇಸರದ ಕೆಲಸದಲ್ಲಿ ಕೊನೆಯವರೆಗೂ ಬೇಸರಪಡದಿರುವುದೇ ಈ ಕಸುಬಿನ ಅತ್ಯಂತ ಕಠಿನವಾದ ಭಾಗವೆಂದು ನನಗೆ ತೋರುತ್ತದೆ.

ಇನ್ನೊಂದು ವಿಚಿತ್ರವನ್ನು ಹೇಳಬೇಕು. ಮನೆಯಲ್ಲಿ ವಿದ್ಯುತ್ತಿನ ಒಂದು ತಂತಿಗೆ ಭೂಮಿಯ ಸಂಬಂಧವಿರುತ್ತದೆ. ದೋಷವುಂಟಾದೊಡನೆ ಫ್ಯೂಸು ಹೋಗುವುದು. ಹೆಚ್ಚಿನ ಹಡಗುಗಳಲ್ಲಿ ಮುಖ್ಯ ಪ್ರವಾಹವನ್ನು ಹಡಗಿನ ಒಡಲಿಗೆ ಸೇರಿಸದೆ ಪ್ರತ್ಯೇಕವಾಗಿಯೇ ಇಡುವರು. ಬಿರುಗಾಳಿಯ ನಡುವೆ ಚುಕ್ಕಾಣಿಯ ಮೋಟಾರಿನಲ್ಲಿ ಸಣ್ಣ ದೋಷ ತಲೆದೋರಿದರೂ ಅದು ನಿಲ್ಲಬಾರದೆಂಬುದೇ ಇದರ ಉದ್ದೇಶ. ಆದರೆ ದೋಷವನ್ನು ತಿಳಿಯುವ ಬಗೆ ಹೇಗೆ? ಹಳೆಯ ಏರ್ಪಾಡಿನಲ್ಲಿ ಇದಕ್ಕಾಗಿ ಮೂರು ದೀಪಗಳುಂಟು. ಎಲ್ಲವೂ ಸರಿಯಿದ್ದರೆ ಮೂರೂ ಸಮವಾಗಿ ಮಂಕಾಗಿ ಉರಿಯುವುವು. ಒಂದು ತಂತಿಯ ಹೊದಿಕೆ ಕೆಟ್ಟು ಒಡಲಿಗೆ ತಗುಲಿದರೆ ಅದರ ದೀಪ ಕಂದುವುದು, ಉಳಿದೆರಡು ಪ್ರಜ್ವಲಿಸುವುವು. ಹಡಗು ನಡೆಯುತ್ತಲೇ ಇರುವುದು. ಆದರೆ ಮತ್ತೊಂದು ತಂತಿಯೂ ಹಾಗೆಯೇ ಕೆಟ್ಟರೆ ಅನರ್ಥ ತಪ್ಪದು. ಆದಕಾರಣ ಕೆಲಸಗಾರನು ಒಂದೊಂದು ಶಾಖೆಯನ್ನೂ ಬಿಡಿಸುತ್ತ, ದೀಪಗಳನ್ನು ನೋಡುತ್ತ, ಮತ್ತೆ ಕೂಡಿಸುತ್ತ ಹೋಗುವನು. ಯಾವುದನ್ನು ಬಿಡಿಸಿದಾಗ ಮೂರೂ ಸಮವಾದುವೋ ಕಳ್ಳನು ಅಲ್ಲಿರುವನು. ಈಗ ಅನೇಕ ಹಡಗುಗಳಲ್ಲಿ ದೀಪಗಳ ಬದಲು ಅಳತೆಯ ಯಂತ್ರವಿದೆ. ಹುಡುಕುವ ಕಷ್ಟ ಮಾತ್ರ ಹೋಗಿಲ್ಲ.

ಈ ಕೆಲಸವನ್ನು ನೋಡಲು ನಮ್ಮವರು ಕೊಚ್ಚಿಯವರೆಗೆ ಹೋಗಬೇಕಾಗಿಲ್ಲ. ಉಡುಪಿಯ ಬಳಿಯ ಮಲ್ಪೆಯ ಹಡಗು ಕಾರ್ಖಾನೆಯು ೨೦೨೦ರಲ್ಲಿ ಕೊಚ್ಚಿಯವರ ಕೈಗೆ ಬಂದಿತು. ದೊಡ್ಡ ಹಡಗುಗಳನ್ನು ಬಂದರಿನೊಳಕ್ಕೆ ಎಳೆದು ತರುವ ಟಗ್ಗುಗಳನ್ನು ಅಲ್ಲಿ ಕಟ್ಟಿದ್ದಾರೆ. ನಾರ್ವೆ ದೇಶದವರಿಗಾಗಿ ಸರಕಿನ ಹಡಗುಗಳ ಕೆಲಸವೂ ಅಲ್ಲಿಗೆ ಬಂದಿತು. ಟಗ್ಗು ಚಿಕ್ಕದೆಂದು ವಿದ್ಯುತ್ ಕೆಲಸವೇನೂ ಹಗುರವಲ್ಲ. ಒಡಲು ಚಿಕ್ಕದಾದಷ್ಟೂ ಕೈಯಾಡಿಸಲು ಜಾಗ ಕಡಿಮೆ.

ಕಟ್ಟುತ್ತಿರುವ ಹಡಗಿಗೆ ದಡದಿಂದಲೇ ಒಂದು ದಪ್ಪ ಕೇಬಲಿನ ಮೂಲಕ ವಿದ್ಯುತ್ತನ್ನು ಕೊಡುವರು. ಅದನ್ನು ಸೇರಿಸುವಾಗ ಮೂರು ತಂತಿಗಳ ಕ್ರಮ ತಪ್ಪಿದರೆ ಮೋಟಾರುಗಳು ಹಿಂದುಮುಂದಾಗಿ ತಿರುಗುವುವು. ಮೆಗ್ಗರ್ ಎಂಬ ಉಪಕರಣದಿಂದ ಪ್ರತಿಯೊಂದು ಕೇಬಲಿನ ಹೊದಿಕೆಯನ್ನೂ ಪರೀಕ್ಷಿಸಿ ಲೆಕ್ಕ ಬರೆದಿಟ್ಟ ಮೇಲೆ, ಹಡಗಿನ ಸ್ವಂತ ಜನರೇಟರನ್ನು ನಡೆಯಿಸುವರು. ದಡದ ಪ್ರವಾಹವನ್ನು ನಿಲ್ಲಿಸಿದಾಗ ಒಂದು ಕ್ಷಣ ಎಲ್ಲವೂ ಕತ್ತಲೆ. ಅನಂತರ ಹಡಗು ತನ್ನ ಶಕ್ತಿಯಿಂದ ತಾನೇ ದೀಪ ಹಚ್ಚಿಕೊಳ್ಳುವುದು. ಕೆಲಸಗಾರರು ದಡದ ಕೇಬಲನ್ನು ಬಿಚ್ಚಿ, ಸುತ್ತಿ, ಮುಂದಿನ ಹಡಗಿನ ಕಡೆಗೆ ಹೊತ್ತುಕೊಂಡು ಹೋಗುವರು.