ಗಾಳಿಗೆ ಎದುರಾದ ಕುಂಚ

1885ನೆಯ ಇಸವಿಯ ನವೆಂಬರ್ ತಿಂಗಳು. ಫ್ರಾನ್ಸಿನ ಉತ್ತರ ಕರಾವಳಿಯ ಎತ್ರೆತಾ ಎಂಬ ಊರಿನಲ್ಲಿ, ಕಡಲಂಚಿನ ಬಿಳಿಯ ಬಂಡೆಯ ಬುಡದಲ್ಲಿ, ನಲವತ್ತೈದು ವರ್ಷದ ಗಡ್ಡಧಾರಿಯೊಬ್ಬನು ಗಾಳಿ ತಾಗದ ಮರೆಯನ್ನು ಹುಡುಕಿಕೊಂಡು ಚಿತ್ರ ಬರೆಯುತ್ತಿದ್ದನು. ಕಡಲು ಇಳಿಯುತ್ತಿದೆಯೆಂದೇ ಅವನ ನಂಬಿಕೆ. ಆದರೆ ಉಬ್ಬರವಿಳಿತದ ವೇಳೆಯನ್ನು ಅವನು ತಪ್ಪಾಗಿ ತಿಳಿದಿದ್ದನು. ಹಠಾತ್ತನೆ ಬಂದ ಹೆದ್ದೆರೆಯೊಂದು ಅವನನ್ನು ಬಂಡೆಗೆ ಅಪ್ಪಳಿಸಿ, ಸಾಮಗ್ರಿಗಳೊಡನೆ ನೊರೆಯೊಳಕ್ಕೆ ಸೆಳೆಯಿತು. ಕೈಕಾಲೂರಿ ತೆವಳುತ್ತ ದಡ ಸೇರಿದಾಗ, ಕೈಯಲ್ಲಿದ್ದ ವರ್ಣಫಲಕವು ಮುಖಕ್ಕೆ ಬಡಿದು, ಗಡ್ಡವೆಲ್ಲ ನೀಲಿ ಹಳದಿ ಬಣ್ಣಗಳಿಂದ ಮೆತ್ತಿಹೋಗಿತ್ತು!

ಆತನೇ ಜಗತ್ಪ್ರಸಿದ್ಧ ಚಿತ್ರಕಾರ ಕ್ಲೋದ್ ಮೋನೆ. ಪ್ರಾಣವುಳಿಯಿತು, ಚಿತ್ರವುಳಿಯಲಿಲ್ಲ. ಮುಂದೆ ತನ್ನ ಮಡದಿಯಾದ ಆಲೀಸಳಿಗೆ ಬರೆದ ಕಾಗದದಲ್ಲಿ, ಮೈ ನೆನೆದುದಕ್ಕಿಂತ ಆ ಚಿತ್ರ ಹಾಳಾಗಿ ಕೆಲಸ ನಿಂತುಹೋದುದನ್ನೇ ಅವನು ದೊಡ್ಡ ದುಃಖವಾಗಿ ತೋಡಿಕೊಂಡನು.

ಇಷ್ಟೆಲ್ಲ ಪಾಡು ಏಕೆ? ಬಾಗಿಲು ಮುಚ್ಚಿದ ಕೋಣೆಯಲ್ಲಿ ಬೆಚ್ಚಗೆ ಕುಳಿತು ಕಡಲನ್ನು ಬರೆಯಬಾರದಿತ್ತೆ? ಹಿಂದಿನವರಲ್ಲಿ ಅನೇಕರು ಹಾಗೆಯೇ ಮಾಡುತ್ತಿದ್ದರು. ಹೊರಗೆ ಪೆನ್ಸಿಲಿನ ಗುರುತುಗಳನ್ನು ಮಾಡಿಕೊಂಡು ಬಂದು, ಒಳಗೆ ಚಿತ್ರವನ್ನು ಪೂರ್ತಿಗೊಳಿಸುವುದು ಅವರ ಪದ್ಧತಿ. 1841ರಲ್ಲಿ ತಗಡಿನ ಬಣ್ಣದ ಕೊಳವೆಗಳು ಬಂದ ಮೇಲೆ ಬಣ್ಣಗಳನ್ನು ಚೀಲದಲ್ಲಿ ಹೊತ್ತು ತಿರುಗುವುದು ಸುಲಭವಾಯಿತು. ಆವ್ರ್ ಬಂದರಿನಲ್ಲಿ ಬೆಳೆದ ಮೋನೆಗೆ ಹದಿಹರೆಯದಲ್ಲಿಯೇ ಬಯಲಿನಲ್ಲಿ ನಿಂತು ಬರೆಯುವ ಪಾಠ ಹೇಳಿದವನು ಹಿರಿಯ ಕಲಾವಿದ ಯೂಜೀನ್ ಬೂದಾನ್. ಕ್ಷಣಕ್ಷಣಕ್ಕೂ ಮಾರ್ಪಡುವ ಬೆಳಕನ್ನು ನೆನಪಿನಿಂದ ಬರೆಯಲಾಗದು. ಅದನ್ನು ಕಂಡಲ್ಲಿಯೇ ಹಿಡಿಯಬೇಕು.

ಆದರೆ ಕಡಲ ಗಾಳಿಗೆ ಈ ತತ್ತ್ವ ತಿಳಿಯದು! ಚೌಕಟ್ಟಿಗೆ ಬಿಗಿದ ಬಟ್ಟೆಯು ಗಾಳಿಗೆ ದೋಣಿಯ ಹಾಯಿಯಾಗುತ್ತದೆ. ಅದನ್ನು ಹೊತ್ತ ಈಸೆಲ್ ಮಗುಚಿ ಬೀಳುತ್ತದೆ. ಎಣ್ಣೆಯ ಬಣ್ಣ ಆರಲು ದಿನಗಳೇ ಬೇಕಾದುದರಿಂದ, ಹಾರಿಬಂದ ಮರಳೆಲ್ಲ ಅದಕ್ಕೆ ಅಂಟುತ್ತದೆ.

ಎತ್ರೆತಾದ ಪೆಟ್ಟಿನಿಂದ ಮೋನೆ ಹಿಮ್ಮೆಟ್ಟಿದನೆ? ಇಲ್ಲ. ಮರುವರ್ಷವೇ, 1886ರ ಶರತ್ಕಾಲದಲ್ಲಿ, ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಮೈಯೊಡ್ಡಿದ ಬೆಲ್‌ಈಲ್ ದ್ವೀಪಕ್ಕೆ ಹೋದನು. ಕೆಲವು ದಿನಗಳಿಗೆಂದು ಹೋದವನು ಎರಡು ತಿಂಗಳಿಗೂ ಮಿಕ್ಕಿ ಅಲ್ಲಿಯೇ ನಿಂತನು. ಒಬ್ಬ ಬೆಸ್ತನು ಸಾಮಾನು ಹೊರುತ್ತಿದ್ದನು. ಈಸೆಲನ್ನು ಹಗ್ಗ, ಕಲ್ಲುಗಳಿಂದ ಬಿಗಿದು, ಮಳೆಗಾಳಿಯಲ್ಲಿಯೇ ಕೆಲಸ ಸಾಗುತ್ತಿತ್ತು. ಅಲ್ಲಿಂದ ಸುಮಾರು ನಲವತ್ತು ಚಿತ್ರಗಳು ಹೊರಬಂದವು.

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಮೋನೆಯ ಇನ್ನೊಂದು ಪುಟ್ಟ ಚಿತ್ರವಿದೆ. 1870ರ ಬೇಸಗೆಯಲ್ಲಿ, ಮದುವೆಯಾದ ಹೊಸತರಲ್ಲಿ, ತ್ರೂವಿಲ್ ಊರಿನ ಕಡಲ ತಡಿಯಲ್ಲಿ ಬರೆದುದು. ಅದರ ಬಣ್ಣದೊಳಗೆ ಮರಳಿನ ಕಣಗಳೂ ಚಿಪ್ಪಿನ ಚೂರುಗಳೂ ಹೂತುಕೊಂಡಿರುವುದನ್ನು ತಜ್ಞರು ಕಂಡಿದ್ದಾರೆ. ಕೆಲಸ ಕೆಡಿಸಲು ಬಂದ ಗಾಳಿಯೇ, ಚಿತ್ರಕಾರನು ಅಲ್ಲಿ ನಿಜವಾಗಿಯೂ ನಿಂತಿದ್ದನೆಂಬುದಕ್ಕೆ ತನ್ನ ಸಾಕ್ಷಿಯನ್ನೂ ಬಿಟ್ಟುಹೋಗಿದೆ.