ಹಗುರ, ಭಾರ ಎಲ್ಲಕ್ಕೂ ಒಂದೇ ತಿರುವು

ಹಳೆಯ ಟಿವಿಯ ಪಿಕ್ಚರ್ ಟ್ಯೂಬಿನ ಕತ್ತಿಗೆ ತಾಮ್ರದ ಸುರುಳಿ ಸುತ್ತಿರುತ್ತಿತ್ತು. ಕಾಲೇಜು ಪ್ರಯೋಗಾಲಯದ ಹಳೆಯ ಆಸಿಲೋಸ್ಕೋಪಿನೊಳಗೆ ಎರಡು ಜೋಡಿ ಲೋಹದ ಫಲಕಗಳು. ಬಾಗಬೇಕಾದದ್ದು ಎರಡರಲ್ಲೂ ಎಲೆಕ್ಟ್ರಾನುಗಳೇ ಅಲ್ಲವೇ, ಹಾಗಾದರೆ ಈ ಭೇದವೇಕೆ ಎಂದು ಓದುಗರೊಬ್ಬರು ಕೇಳಿದ್ದಾರೆ. ಸುರುಳಿಯ ಕಾಂತಕ್ಷೇತ್ರ ಕಿರಣವನ್ನು ಅಗಲವಾಗಿ ಹರಡಬಲ್ಲದು. ಫಲಕಗಳ ವಿದ್ಯುತ್ ಕ್ಷೇತ್ರ ಅಷ್ಟು ಬಾಗಿಸದಿದ್ದರೂ ಬಲು ಚುರುಕು.

ಈ ಫಲಕಗಳಿಗೆ ಸೊಗಸಾದ ಚರಿತ್ರೆಯಿದೆ. 1883ರಲ್ಲಿ ಹೈನ್ರಿಕ್ ಹರ್ಟ್ಸ್ ಕ್ಯಾಥೋಡ್ ಕಿರಣಗಳನ್ನು, ಅಂದರೆ ಎಲೆಕ್ಟ್ರಾನುಗಳ ಹರಿವನ್ನು, ಇಂಥ ಫಲಕಗಳ ನಡುವೆ ಹಾಯಿಸಿದರು. ಕಿರಣ ಅಲುಗಲಿಲ್ಲ. ಅದರಲ್ಲಿ ವಿದ್ಯುದಾವೇಶವೇ ಇಲ್ಲವೆಂದು ಅವರು ಭಾವಿಸಿದರು. ಕೇಂಬ್ರಿಡ್ಜಿನ ಜೆ. ಜೆ. ಥಾಮ್ಸನ್‌ಗೂ ಆರಂಭದಲ್ಲಿ ಅದೇ ಫಲಿತಾಂಶ ಬಂತು. ಕೊಳವೆಯಲ್ಲಿ ಉಳಿದ ಅನಿಲವನ್ನು ಕಿರಣವೇ ಅಯಾನೀಕರಿಸುತ್ತದೆ, ಆ ಅಯಾನುಗಳು ಫಲಕಗಳ ಕ್ಷೇತ್ರವನ್ನು ಮರೆಮಾಡುತ್ತವೆ ಎಂಬುದು ಅವರಿಗೆ ಹೊಳೆಯಿತು. ಇನ್ನಷ್ಟು ಗಾಳಿ ಹೊರತೆಗೆದಾಗ, 1.5 ಸೆಂಟಿಮೀಟರ್ ಅಂತರದ ಫಲಕಗಳಿಗೆ ಬರೀ 2 ವೋಲ್ಟ್ ಕೊಟ್ಟರೂ ಕಿರಣ ಬಾಗಿತು. ಅದು 1897. ಇಂದಿಗೂ ಡಿಫ್ಲೆಕ್ಟರ್, ಅಂದರೆ ಕಿರಣ ಬಾಗಿಸುವ ಇಂಥ ಫಲಕಗಳ ಸಾಧನ, ಕಟ್ಟುವವರ ಮೊದಲ ಚಿಂತೆ ನಿರ್ವಾತವೇ.

ಫಲಕಗಳು ಎಷ್ಟು ಬಾಗಿಸುತ್ತವೆ ಎಂಬ ಲೆಕ್ಕ ಸರಳ. 20,000 ವೋಲ್ಟಿನಿಂದ ವೇಗ ಪಡೆದ ಅಯಾನು 10 ಸೆಂಟಿಮೀಟರ್ ಉದ್ದದ, 5 ಸೆಂಟಿಮೀಟರ್ ಅಂತರದ ಫಲಕಗಳ ನಡುವೆ ಹಾಯುತ್ತದೆ ಎನ್ನಿ. ಫಲಕಗಳಿಗೆ 400 ವೋಲ್ಟ್ ಕೊಟ್ಟರೆ, ಹೊರಬಂದ ಒಂದು ಮೀಟರಿನಲ್ಲಿ ಅದು ಸುಮಾರು 2 ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಅಯಾನು ಯಾವುದು ಎಂದು ನಾನು ಹೇಳಲಿಲ್ಲ, ಹೇಳಬೇಕಾಗಿಯೂ ಇಲ್ಲ! ಭಾರದ ಅಯಾನು ಬಾಗಲು ಮೊಂಡು, ಆದರೆ ನಿಧಾನವಾಗಿ ಸಾಗುವುದರಿಂದ ಫಲಕಗಳ ನಡುವೆ ಹೆಚ್ಚು ಹೊತ್ತು ಇರುತ್ತದೆ. ಎರಡೂ ಪರಿಣಾಮಗಳು ಒಂದನ್ನೊಂದು ಸರಿಯಾಗಿ ಅಳಿಸಿಹಾಕುತ್ತವೆ. ಕಾಂತಕ್ಕೆ ಈ ಗುಣವಿಲ್ಲ. ಭಾರ ಹೆಚ್ಚಿದಂತೆ ಅದರ ಬಲವೂ ಹೆಚ್ಚಬೇಕು.

ಈ ಗುಣವನ್ನು ಪೂರ್ತಿ ಬಳಸಿಕೊಂಡದ್ದು ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಎಲಿಸಾ ಎಂಬ, ಅಯಾನುಗಳನ್ನು ಸುತ್ತಿಸುತ್ತಾ ಹಿಡಿದಿಡುವ ಸಂಗ್ರಹ ಉಂಗುರ. 1990ರ ದಶಕದ ಕೊನೆಯಲ್ಲಿ ಕಟ್ಟಿದ ಇದರಲ್ಲಿ ಬಾಗಿಸುವ ಕಾಂತವೇ ಇಲ್ಲ. 160 ಡಿಗ್ರಿಯ ಎರಡು, 10 ಡಿಗ್ರಿಯ ನಾಲ್ಕು ಡಿಫ್ಲೆಕ್ಟರುಗಳು ಸೇರಿ ಸುತ್ತು ಪೂರ್ಣವಾಗುತ್ತದೆ. ದೊಡ್ಡ ಜೈವಿಕ ಅಣುಗಳ ಅಯಾನುಗಳೂ ಅಲ್ಲಿ ಸುತ್ತಿವೆ. ದೊಡ್ಡ ಡಿಫ್ಲೆಕ್ಟರುಗಳಿಗೆ ಮೊದಲು ಗೋಳಾಕಾರದ ಫಲಕಗಳನ್ನಿಟ್ಟಿದ್ದರು. ಅವು ಕಿರಣವನ್ನು ಎರಡೂ ದಿಕ್ಕಿನಲ್ಲಿ ಅತಿಯಾಗಿ ಹಿಂಡಿ, ಹಿಡಿದಿಡಬಹುದಾದ ಅಯಾನುಗಳ ಸಂಖ್ಯೆಗೇ ಮಿತಿ ಹಾಕಿದವು. ಆಮೇಲೆ ಸಿಲಿಂಡರ್ ಆಕಾರದ ಫಲಕಗಳನ್ನು ಕೂಡಿಸಿದರು. ತಯಾರಿಸಲು ಸುಲಭವಾದ ಸಿಲಿಂಡರೇ ಇಲ್ಲಿ ಮೇಲಾಯಿತು.