ಹೊಸ ರೂಪ ಒಗ್ಗಿತೇ, ತಿಳಿಯುವುದು ಹೇಗೆ?

ಜಾಲತಾಣದ ವಿನ್ಯಾಸ ಬದಲಾದ ಕೂಡಲೇ ಓದುಗರು ಸಿಡಿಮಿಡಿಗೊಳ್ಳುತ್ತಾರೆ. ಹೊಸದು ನಿಜಕ್ಕೂ ಚೆನ್ನಾಗಿದೆಯೇ ಎಂಬುದು ರೂಪಿಸಿದವರಿಗೆ ಹೇಗೆ ಗೊತ್ತಾಗುತ್ತದೆ?

ಮೊದಲ ದಿನಗಳ ಸಿಟ್ಟಿನಿಂದಷ್ಟೇ ಗೊತ್ತಾಗುವುದಿಲ್ಲ. ಅಡುಗೆಮನೆಯ ಉಪ್ಪಿನ ಡಬ್ಬಿಯನ್ನು ಬೇರೆ ಕಪಾಟಿಗಿಟ್ಟರೆ, ಹೊಸ ಜಾಗ ಎಷ್ಟೇ ಅನುಕೂಲವಾಗಿದ್ದರೂ ಕೈ ಕೆಲವು ದಿನ ಹಳೆಯ ಜಾಗಕ್ಕೇ ಹೋಗುತ್ತದೆ. ಪರದೆಯ ಮೇಲೆ ಕಣ್ಣಿಗೂ ಬೆರಳಿಗೂ ಇಂಥದ್ದೇ ರೂಢಿ.

ಹಾಗಾಗಿ ವಿನ್ಯಾಸಕರು ಕೇಳುವುದರ ಜೊತೆಗೆ ನೋಡುತ್ತಾರೆ. ಮೊದಲು ಕೆಲವೇ ಓದುಗರಿಗೆ ಒಂದು ಕೆಲಸ ಕೊಟ್ಟು, ಅವರು ಎಲ್ಲಿ ತಡವರಿಸುತ್ತಾರೆಂದು ಗಮನಿಸುತ್ತಾರೆ. ಆಮೇಲೆ ತಾಣಕ್ಕೆ ಬಂದವರಲ್ಲಿ ಒಂದು ಗುಂಪಿಗೆ ಹಳೆಯ ಪುಟ, ಇನ್ನೊಂದಕ್ಕೆ ಹೊಸದು. ಬೇಕಾದದ್ದು ಯಾರಿಗೆ ಬೇಗ ಸಿಕ್ಕಿತು ಎಂಬ ಹೋಲಿಕೆಗೆ 'ಎ/ಬಿ ಪರೀಕ್ಷೆ' ಎನ್ನುತ್ತಾರೆ.

ದೂರುಗಳನ್ನು ತಳ್ಳಿಹಾಕಬೇಕೆಂದಲ್ಲ, ಅವುಗಳ ಬೆಲೆ ದೊಡ್ಡದು. 2023ರ ಜನವರಿಯಲ್ಲಿ ಇಂಗ್ಲಿಷ್ ವಿಕಿಪೀಡಿಯ ಹೊಸ ರೂಪ ತೊಟ್ಟಿತು. ಓದಲು ಸಲೀಸಾಗಲೆಂದು ಸಾಲುಗಳು ಕಿರಿದಾದವು, ಪರಿವಿಡಿ ಪುಟದ ಬದಿಗೆ ಸರಿಯಿತು. ಅಕ್ಕಪಕ್ಕದ ಖಾಲಿ ಜಾಗ ಅನೇಕರಿಗೆ ಹಿಡಿಸಲಿಲ್ಲ. ಸಾಲನ್ನು ಅಗಲಿಸುವ ಗುಂಡಿಯೇನೋ ಇತ್ತು, ಆದರೆ ಲಾಗಿನ್ ಆಗದವರು ಮಾಡಿಕೊಂಡ ಆಯ್ಕೆ ಮುಂದಿನ ಪುಟಕ್ಕೆ ಉಳಿಯುತ್ತಿರಲಿಲ್ಲ. ಓದುಗರು ಪಟ್ಟು ಹಿಡಿದ ಮೇಲೆ ಅದೂ ಉಳಿಯುವಂತಾಯಿತು. ಖಾತೆ ಇರುವವರಿಗಂತೂ ಹಳೆಯ ರೂಪವನ್ನೇ ಆರಿಸಿಕೊಳ್ಳುವ ಅವಕಾಶವಿದೆ.